ನಾನು ಏಳು ನಿಮಿಷ ಕಾರಾಗಿದ್ದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಒಮ್ಮೆ ಕಾರಾಗಿದ್ದೆ. ಕಾರಿನ ಮಾಲಕನಲ್ಲ, ಚಾಲಕನೂ ಅಲ್ಲ, ಕಾರೇ. ಬೈಲಹೊಂಗಲದ ಒಂದು ತಗಡಿನ ಗೋಡೆಯ ಹಿಂದೆ, ಒಂದು ಗುರುವಾರ ಹನ್ನೊಂದು ಗಂಟೆಯ ಸುಮಾರಿಗೆ, ಏಳು ನಿಮಿಷಗಳ ಕಾಲ. ಜನ ಓದಿ ಮಾಮಲೇದಾರರಾಗುತ್ತಾರೆ, ಮಾಸ್ತರರಾಗುತ್ತಾರೆ, ಏನೂ ಆಗದವರು ಯಾರದಾದರೂ ಅಳಿಯಂದಿರಾಗುತ್ತಾರೆ. ನಾನು ನಾಲ್ಕು ಬಾಗಿಲಿನ ಕಪ್ಪು ಕಾರಾದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಇಂಥ ಮೂರ್ಖತನಕ್ಕೆ ನನಗೆ ಇನ್ನೊಬ್ಬರ ನೆರವು ಎಂದೂ ಬೇಕಾಗಿಲ್ಲ.

ತಪ್ಪೆಲ್ಲ ಗಂಟಲಿನದು. ಕಂಡಕಂಡವರ ದನಿ ಬಂದು ಅದರೊಳಗೆ ಬಿಡಾರ ಹೂಡುತ್ತದೆ. ನಾಲ್ಕನೆಯ ಇಯತ್ತೆಯಲ್ಲಿ ಹೆಡ್ ಮಾಸ್ತರರು ಮೂಗಿನಲ್ಲಿ ಮಗ್ಗಿ ಹೇಳುವುದನ್ನು ಮಾಡಿ ತೋರಿಸುತ್ತಿದ್ದಾಗ ಅವರೇ ಹಿಂದೆ ಬಂದು ನಿಂತಿದ್ದರು. ಒಂದು ಏಟು ಬಿತ್ತು. ಅತ್ತುಬಿಟ್ಟೆ. ದುರ್ದೈವಕ್ಕೆ ಅಳುವೂ ಅವರ ದನಿಯಲ್ಲೇ ಬಂತು. ಎರಡನೆಯ ಏಟು ಬಿತ್ತು. ಮುಂದೆ ಪಿ.ಯು.ಸಿ.ಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದಾಗ, ಆ ಸುದ್ದಿಯನ್ನು ಆಯಾ ವಿಷಯದ ಪ್ರಾಧ್ಯಾಪಕರ ದನಿಯಲ್ಲೇ ಮನೆಗೆ ಮುಟ್ಟಿಸಿದೆ. ಅವ್ವ ನಕ್ಕಳು. ಅಪ್ಪ ನಗಲಿಲ್ಲ, ಮರುದಿನ ಮೊದಲ ಬಸ್ಸಿಗೆ ದೊಡವಾಡಕ್ಕೆ ಹೋಗಿ ಗೌಡರೆದುರು ಕೈಕಟ್ಟಿ ನಿಂತ.

ದೊಡವಾಡದ ಈ ಗೌಡರು ಅಪ್ಪನ ಹಳೆಯ ಪರಿಚಯದವರು. ಬೈಲಹೊಂಗಲದಲ್ಲಿ ಕಾರು, ಜೀಪು ಮಾರುವ ಏಜೆನ್ಸಿಯ ಮಾಲಕರಿಗೆ ಅವರ ಮಾತೆಂದರೆ ಮಾತು. "ಹುಡುಗ ಚುರುಕ ಅದಾನ್ರೀ, ಬಾಯಿ ಒಂದ ಸ್ವಲ್ಪ ಜಾಸ್ತಿ" ಎಂದು ಹೇಳಿ ನನ್ನನ್ನು ಅಲ್ಲಿ ಸೇರಿಸಿದರು. ಮೂರು ತಿಂಗಳು ನೋಡುವುದು, ಸರಿ ಕಂಡರೆ ಕಾಯಂ ಮಾಡುವುದು ಎಂದು ಠರಾವಾಯಿತು. "ಕಾಯಂ ಆಗೂತನಕ ಬಾಯಿ ತಗೀಬ್ಯಾಡೋ, ನಿನ್ನ ಕಾಲಿಗೆ ಬೀಳತೇನಿ" ಎಂದು ಅಪ್ಪ ಅಂದ. ಹೆತ್ತ ಅಪ್ಪನೇ ಹಾಗೆ ಅಂದಮೇಲೆ ಇಲ್ಲವೆನ್ನಲಾಗುತ್ತದೆಯೇ? ಹೂಂ ಅಂದೆ. ಆದರೆ ಅಲ್ಲಿ ಸಿಕ್ಕ ಕೆಲಸವೇ ಬಾಯಿ ತೆರೆಯುವುದು.

ಏಜೆನ್ಸಿ ಎಂದೆನಲ್ಲ, ಹೊಸ ಗಾಡಿ ಅಲ್ಲಿಗೆ ಬರುತ್ತಿದ್ದುದು ಅಪರೂಪ. ಹೆಸರು ಹಚ್ಚಿದವರು ವರ್ಷಗಟ್ಟಲೆ ಕಾದು, ಕಡೆಗೆ ಮಗನ ಹೆಸರಿಗೆ ಬರೆಸಿ ಹೋಗುತ್ತಿದ್ದರು. ನಮ್ಮ ಹೊಟ್ಟೆ ತುಂಬುತ್ತಿದ್ದುದು ಹಳೆಯ ಗಾಡಿಗಳ ಸರ್ವಿಸಿನಿಂದ. ಮುಂದೆ ಮಾಲಕರು ಬಿಳಿ ಧೋತರ ಉಟ್ಟು ಕೂಡುವ ಆಫೀಸು. ಅದರ ಹಿಂದೆ ತಗಡಿನ ಗೋಡೆ. ಗೋಡೆಯ ಆಚೆ ಶೆಡ್ಡು. ಬಾಗಿಲ ಮೇಲೆ 'ಗಿರಾಕಿಗಳು ಒಳಗೆ ಬರಬಾರದು' ಎಂಬ ಬೋರ್ಡು. ಎಣ್ಣೆಯ ಭಯಕ್ಕೆ ಮಾಲಕರೂ ಒಳಗೆ ಬರುತ್ತಿರಲಿಲ್ಲ. ಗಾಡಿಯ ರೋಗವನ್ನು ಗಿರಾಕಿಯಿಂದ ಕೇಳಿ ಬರೆದುಕೊಂಡು, ಒಳಗೆ ಹೋಗಿ ಬಸಲಿಂಗ ಮಿಸ್ತ್ರಿಗೆ ಹೇಳುವುದು ನನ್ನ ಕೆಲಸ. ಮಿಸ್ತ್ರಿಗೆ ಓದಲು ಬರುತ್ತಿರಲಿಲ್ಲ. ಹೀಗಾಗಿ ಸಂಗೊಳ್ಳಿಯ ವ್ಯಾಪಾರಿ "ಎಮ್ಮಿ ಮೆಲಕ ಹಾಕಿದಂಗ ಸಪ್ಪಳ ಬರತೈತಿ" ಅಂದರೆ, ನಾನು ಆ ಎಮ್ಮೆಯನ್ನೂ ಎಂಜಿನ್ನನ್ನೂ ಕೂಡಿಸಿ ಮಿಸ್ತ್ರಿಯ ಕಿವಿಯಲ್ಲಿ ಮೆಲುಕು ಹಾಕುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, "ಬೇರಿಂಗ್ ಹೋಗೇತಿ" ಎನ್ನುತ್ತಿದ್ದ. ನನ್ನ ವಿದ್ಯೆಗೆ ಬೆಲೆ ಕೊಟ್ಟ ಮೊದಲನೆಯ ಮನುಷ್ಯ ಅವನು. ಅದಕ್ಕೇ ಅವನಿಗಾಗಿ ಹಾಳಾದೆ.

ಮಿಸ್ತ್ರಿಯ ಕೈಗುಣ ದೊಡ್ಡದು. ಆತ್ಮಸಾಕ್ಷಿ ಅದಕ್ಕಿಂತ ದೊಡ್ಡದು. ರಿಪೇರಿಯಾದ ಗಾಡಿಯನ್ನು ಟ್ರಾಯಲ್ ನೋಡದೆ ಗಿರಾಕಿಗೆ ಕೊಟ್ಟರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಟ್ರಾಯಲ್ ಎಂದರೆ ಪೇಟೆಯಲ್ಲಿ ಒಂದು ಸುತ್ತು ಎಂದು ತಿಳಿದರೆ ನಿಮಗೆ ಶಾಸ್ತ್ರ ಗೊತ್ತಿಲ್ಲ. ಕಂತ್ರಾಟದಾರರ ಜೀಪಿನ ಸ್ಪ್ರಿಂಗಿನ ಪಾಟಾ ಗಟ್ಟಿಯೇ ಎಂದು ನೋಡಲು ಅದರಲ್ಲಿ ಮಿಸ್ತ್ರಿಯ ಮನೆಯ ಶೇಂಗಾ ಚೀಲಗಳನ್ನು ಹೇರಲಾಯಿತು. ಡಾಕ್ಟರರ ಕಾರಿನ ಬ್ರೇಕನ್ನು ಸವದತ್ತಿಯ ಗುಡ್ಡದ ಇಳಿಜಾರಿನಲ್ಲಿ, ಒಳಗೆ ಮಿಸ್ತ್ರಿಯ ಅತ್ತೆಯನ್ನು ಕೂಡಿಸಿ ಪರೀಕ್ಷಿಸಲಾಯಿತು. ಬ್ರೇಕು ಹತ್ತಿತು, ಮಿಸ್ತ್ರಿಯ ಮುಖ ಯಾಕೋ ಸಪ್ಪಗಾಯಿತು. ನಾನೂ ಸೇವೆಯಲ್ಲಿ ಹಿಂದೆಬಿದ್ದವನಲ್ಲ. ಯಾರದೋ ಕಾರಿನ ಸೀಟಿನ ಸ್ಪ್ರಿಂಗು ನೋಡಲು ಕಿತ್ತೂರಿನವರೆಗೆ ಕುಳಿತು ಹೋಗಿ, ಬರುವಾಗ ಅದೇ ಸೀಟಿನ ಮೇಲೆ ಬಿಸಿ ಭಜಿಯ ಪೊಟ್ಟಣ ಬಿಚ್ಚಿದ್ದೆ. ಎಣ್ಣೆಯ ಕಲೆ ಕಂಡು ಗಿರಾಕಿ ಕೇಳಿದಾಗ, "ಸೀಟಿಗೂ ಆಯಿಲಿಂಗ್ ಮಾಡೇವ್ರಿ" ಎಂದೆ. ಅವರು ಖುಷಿಯಾಗಿ ಹೋದರು.

ಇಷ್ಟೆಲ್ಲ ಓಡಿಸಿದರೂ ಮೈಲು ಏರುತ್ತಿರಲಿಲ್ಲ. ಹೊರಡುವ ಮೊದಲು ಮೀಟರಿನ ವಾಯರು ಕಳಚುವುದು ಪದ್ಧತಿ. ಗಾಡಿಯ ಲೆಕ್ಕಕ್ಕೆ ಅದು ಶೆಡ್ಡು ಬಿಟ್ಟು ಕದಲಿರಲೇ ಇಲ್ಲ. ಮಡಗಾರ್ಡಿನ ಒಳಗೆ ಕಿತ್ತೂರ ಕಡೆಯ ಕೆಂಪು ಮಣ್ಣು ಮೆತ್ತಿರುತ್ತಿತ್ತು ನಿಜ. ಆದರೆ ಬೈಲಹೊಂಗಲದ ಕರಿ ಮಣ್ಣಿನಲ್ಲಿ ಹುಟ್ಟಿ ಬೆಳೆದ ಗಿರಾಕಿ ಬಗ್ಗಿ ಅಲ್ಲಿ ಯಾಕೆ ನೋಡುತ್ತಾನೆ?

ಇಂಥ ಪವಿತ್ರ ಸ್ಥಳಕ್ಕೆ ಒಂದು ಸೋಮವಾರ ನಮ್ಮ ಗೌಡರೇ ತಮ್ಮ ಕಾರು ತಂದು ಬಿಟ್ಟರು. ಗೌಡರು ಕಾರು ಹೊಡೆಯುವುದೇ ಒಂದು ನೋಟ. ಕಿಟಕಿಯಿಂದ ರುಮಾಲಿನ ತಲೆ ಹೊರಗೆ ಹಾಕಿ, ದಾರಿಯ ಎತ್ತು, ಎಮ್ಮೆ, ಮನುಷ್ಯರಿಗೆಲ್ಲ "ಏ ಸರೀಲೇ ಬಾಜೂಕ!" ಎಂದು ಒದರುತ್ತ ಬರುತ್ತಿದ್ದರು. ಗೌಡಕಿಯ ಗತ್ತು ಎಂದು ನಾವೆಲ್ಲ ತಿಳಿದಿದ್ದೆವು. ಅದನ್ನು ನಾನು ಮಾಡಿ ತೋರಿಸಿದರೆ ಶೆಡ್ಡಿನವರು ಸ್ಪ್ಯಾನರು ಬಿಟ್ಟು ನಗುತ್ತಿದ್ದರು. ಅಂದು ಗೌಡರು ಕೆಮ್ಮುತ್ತ ಕೆಮ್ಮುತ್ತ ಕಾರಿನ ಐದು ರೋಗ ಹೇಳಿದರು. ನಾಲ್ಕನ್ನು ಬರೆದುಕೊಂಡೆ. ಐದನೆಯದನ್ನು ಹೇಳುವಾಗ ನಾನು ಮನಸ್ಸಿನಲ್ಲೇ ಅವರ ಕೆಮ್ಮನ್ನು ಕಲಿಯುತ್ತಿದ್ದೆ. ಬಹಳ ಅಪರೂಪದ ಕೆಮ್ಮು, ಸಿಕ್ಕಾಗ ಹಿಡಿಯಬೇಕು. ಕಾರು ಶುಕ್ರವಾರ ಕೊಡುವುದೆಂದಾಯಿತು. ಶನಿವಾರ ನನ್ನ ಮೂರು ತಿಂಗಳು ತುಂಬುವುದಿತ್ತು.

ಬುಧವಾರ ಸಂಜೆಗೇ ಕಾರು ಸಿದ್ಧವಾಯಿತು. ಮಿಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟ. "ತಮ್ಮಾ, ನಾಳೆ ನನ್ನ ಹೆಂಡ್ತಿ ತಮ್ಮಗ ರಾಮದುರ್ಗದಾಗ ಹುಡುಗಿ ನೋಡೂದೈತಿ. ಬಸ್ಸಿನ್ಯಾಗ ಹೋದ್ರ ಅವನ ಮಾರಿ ಇದ್ದಂಗ ಕಾಣತೈತಿ. ಕಾರಿನ್ಯಾಗ ಹೋದ್ರ ಮಂದಿ ಕಾರ್ ನೋಡತಾರ." ತರ್ಕ ನನಗೆ ಹಿಡಿಸಿತು. ನಾನೇ ಮೀಟರಿನ ವಾಯರು ಕಳಚಿ, ನಾನೇ ಪುಸ್ತಕದಲ್ಲಿ 'ಟ್ರಾಯಲ್' ಎಂದು ಬರೆದೆ. ಗುರುವಾರ ನಸುಕಿನಲ್ಲೇ ಕಾರು ಹೊರಟಿತು.

ಅದೇ ಗುರುವಾರ ಹನ್ನೊಂದಕ್ಕೆ ಗೌಡರು ಆಫೀಸಿಗೆ ಬಂದು ಕುಳಿತರು. ಸವದತ್ತಿಯ ಮಗಳ ಮನೆಯಿಂದ ಬಸ್ಸಿನಲ್ಲಿ ಬಂದವರು, ಮೈಯೆಲ್ಲ ಧೂಳು. "ಕಾರ್ ಎಲ್ಲೈತ್ರೀ?" ಎಂದರು.

"ಒಳಗೈತ್ರೀ ಗೌಡ್ರ, ತಯಾರ್ ಆಗೇತಿ. ಹೌದಲ್ಲೋ?" ಎಂದು ಮಾಲಕರು ನನ್ನತ್ತ ತಿರುಗಿದರು.

ಇಲ್ಲವೆಂದರೆ ಮಿಸ್ತ್ರಿಯ ಕೆಲಸ ಹೋಗುತ್ತದೆ. ಪುಸ್ತಕದಲ್ಲಿ ನನ್ನದೇ ಅಕ್ಷರ, ನನ್ನದೂ ಹೋಗುತ್ತದೆ. ಕಾಯಂ ಆಗಲು ಇನ್ನು ಎರಡೇ ದಿನ. "ಒಳಗೈತ್ರಿ" ಎಂದೆ.

"ನಾಳೆನ ಒಯ್ಯತೇನಿ ಬಿಡು. ಈಗ ಒಂದೀಟ ಚಾಲೂ ಮಾಡು ತಮ್ಮಾ, ಇಲ್ಲೆ ಕುಂತು ಸಪ್ಪಳ ಕೇಳತೇನಿ" ಎಂದರು ಗೌಡರು.

ಶೆಡ್ಡಿನಲ್ಲಿ ತಗಡು ಬಡಿಯುವ ಈರಪ್ಪ ಒಬ್ಬನೇ ಚಹಾ ಕುಡಿಯುತ್ತಿದ್ದ. "ಈರಪ್ಪಣ್ಣಾ, ಗೌಡ್ರ ಕಾರ್ ಚಾಲೂ ಮಾಡಬೇಕೋ" ಎಂದೆ. "ಹುಚ್ಚ ಹಿಡದೈತೇನ? ಅದನ್ನ ಮಿಸ್ತ್ರಿ ಒಯ್ದಾನಲ್ಲ" ಎಂದ. "ಅದಕ್ಕ ನಾನ ಕಾರ್ ಆಗತೇನಿ. ನೀ ಹೊಗಿ ಬಿಡು."

ಈರಪ್ಪ ಕಲೆಯನ್ನು ಬಲ್ಲವನು. ಮರುಮಾತಿಲ್ಲದೆ ಎಣ್ಣೆಯ ಚಿಂದಿಗೆ ಕಡ್ಡಿ ಗೀರಿ, ಹೊಗೆಯನ್ನು ತಗಡಿನ ಸಂದಿಯಿಂದ ಆಫೀಸಿನತ್ತ ಊದಿದ. ನಾನು ಸ್ಟಾರ್ಟರ್ ಎಳೆದೆ. ಎರಡು ಸಲ ಬೇಕೆಂದೇ ಹತ್ತಲಿಲ್ಲ. ಒಂದೇ ಸಲಕ್ಕೆ ಹತ್ತಿದರೆ ನಮ್ಮ ಗ್ಯಾರೇಜಿನ ಗಾಡಿ ಎಂದು ಯಾರು ನಂಬುತ್ತಾರೆ? ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಏನು ಎಂಜಿನ್! ಕಂಪನಿಯವರೂ ಅಂಥದು ಮಾಡಿರಲಿಲ್ಲ.

"ರೇಸ್ ಮಾಡು!" ಎಂದು ಆಚೆಯಿಂದ ಗೌಡರ ದನಿ. ಮಾಡಿದೆ, ಕಣ್ಣಲ್ಲಿ ನೀರು ಬಂತು. "ಗೇರ್ ಹಾಕು!" ಕರಕರ ಹಲ್ಲು ಕಡಿದು ಹಾಕಿದೆ. "ರಿವರ್ಸ್ ಹೊಡಿ!" ಹೊಡೆದೆ. ಯಾರೂ ನೋಡುತ್ತಿರಲಿಲ್ಲ, ಆದರೂ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೆ. ಕಲೆಯಲ್ಲಿ ಮೋಸ ಮಾಡಬಾರದು. ಆಮೇಲೆ ಗೌಡರು, "ಹಾರ್ನ್ ಹೊಡಿ ನೋಡೂಣು" ಎಂದರು.

ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಹಾರ್ನ್ ಹೊಡೆದೆ. ಹೊರಗೆ ರಸ್ತೆಯಲ್ಲಿ ಒಂದು ಚಕ್ಕಡಿ ಪಕ್ಕಕ್ಕೆ ಸರಿಯಿತಂತೆ.

ಬೆವರು ಒರೆಸಿಕೊಂಡು ಹೊರಗೆ ಬಂದೆ. ಮಾಲಕರು ಹಿಗ್ಗಿ ಹೋಗಿದ್ದರು. "ನೋಡ್ರಿ ಗೌಡ್ರ, ನೀವ ಹಚ್ಚಿದ ಹುಡುಗ. ಶನಿವಾರದಿಂದ ಕಾಯಂ ಮಾಡಬೇಕಂತೇನಿ. ಏನಂತೀರಿ?"

ಗೌಡರು ನಿಧಾನಕ್ಕೆ ತಮ್ಮ ಅಪರೂಪದ ಕೆಮ್ಮು ಕೆಮ್ಮಿದರು. "ಮುಂಜಾನೆ ಸವದತ್ತಿ ಸ್ಟ್ಯಾಂಡಿನ್ಯಾಗ ಬಸ್ಸಿಗೆ ನಿಂತಿದ್ನಿ. ಎದುರಿಗೆ ನನ್ನ ಕಾರ್ ಬಂತು. ಕೈ ಮಾಡಿದ್ನಿ, ನಿಮ್ಮ ಮಿಸ್ತ್ರಿ ನಿಲ್ಲಸಲಿಲ್ಲ. ಅವನದೂ ತಪ್ಪಿಲ್ಲ ಬಿಡ್ರಿ. ಒಳಗ ಏಳು ಮಂದಿ ಇದ್ರು, ನನಗ ಜಾಗಾ ಇರಲಿಲ್ಲ."

ಮಾಲಕರು ಎದ್ದರು. ನಾನು ಕಂಡಂತೆ ಮೊದಲ ಬಾರಿಗೆ ಬೋರ್ಡು ದಾಟಿ ಶೆಡ್ಡಿನೊಳಗೆ ಹೋದರು. ಅಲ್ಲಿ ಕಾರಿನಷ್ಟೇ ಉದ್ದಗಲದ ಖಾಲಿ ಜಾಗವೂ, ಹೊಗೆಯಾಡುವ ಚಿಂದಿ ಹಿಡಿದ ಈರಪ್ಪನೂ ಕಂಡರು. ತಿರುಗಿ ಬಂದಾಗ ಧೋತರಕ್ಕೆ ಮಸಿ, ಮುಖಕ್ಕೂ ಮಸಿ. "ಮಿಸ್ತ್ರಿ ಬರಲಿ, ಅವನ್ನ ಆಮ್ಯಾಲ ನೋಡತೇನಿ. ಇವನ್ನಂತೂ ಈಗಿಂದೀಗ ಬಿಡಸತೇನ್ರಿ ಗೌಡ್ರ!" ಎಂದು ಒದರಿದರು. ನನಗೆ ಅಪ್ಪನ ಮುಖ ಕಣ್ಣೆದುರು ಬಂತು. ಅವನ ದನಿ ಮಾತ್ರ, ಅದೊಂದೇ ಸಲ, ಗಂಟಲಿಗೆ ಬರಲಿಲ್ಲ.

ಗೌಡರು ಕೈಯೆತ್ತಿ ಮಾಲಕರನ್ನು ತಡೆದರು. ಕಾಯಂ ಮಾಡುವ ಮಾತು, ಬಿಡಿಸುವ ಮಾತು ಎರಡೂ ಅವರ ಒಂದೇ ಉತ್ತರದಲ್ಲಿ ಮುಗಿದುಹೋದವು:

"ಬಿಡಸಬ್ಯಾಡ್ರಿ. ನನ್ನ ಕಾರಿನ ಹಾರ್ನ್ ಕೆಟ್ಟು ಎರಡ ವರ್ಷ ಆತು. ಸೋಮವಾರ ಐದನೇದ್ದು ಅದನ್ನ ಹೇಳಿದ್ನಿ, ಈ ತಮ್ಮ ಬರಕೊಳ್ಳಲಿಲ್ಲ. ಕಿಡಕ್ಯಾಗಿಂದ ತಲಿ ಹೊರಗ ಹಾಕಿ ಒದರಿ ಒದರಿ ನನ್ನ ಗಂಟಲ ಹರದ ಹೋಗೇತಿ. ನಾಳೆ ಕಾರ್ ಕೊಡೂಮುಂದ ಇವನ್ನ ಮುಂದ ಬಂಪರಿಗೆ ಕಟ್ಟಿ ಕೊಡ್ರಿ."