ಪಾತ್ರೆ ಮಾರದ ಪಾತ್ರೆ ಅಂಗಡಿ ಮಾವ

ನಮ್ಮ ಸೋದರಮಾವನ ಪಾತ್ರೆ ಅಂಗಡಿಗೆ ಹೋಗಿ ಪಾತ್ರೆ ಕೊಂಡುಕೊಂಡು ಬಂದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ತಮಾಷೆ ಅಂದುಕೊಳ್ಳಬೇಡಿ. ಗುಬ್ಬಿಯ ಪೇಟೆ ಬೀದಿಯಲ್ಲಿ ತಾತನ ಕಾಲದಿಂದ ಇರುವ ಅಂಗಡಿ ಅದು. ನೆಲದಿಂದ ಸೂರಿನವರೆಗೆ ಕೊಳಗ, ಬಿಂದಿಗೆ, ತಂಬಿಗೆ, ಕುಕ್ಕರು, ಇಡ್ಲಿ ಪಾತ್ರೆ. ಇಷ್ಟೆಲ್ಲ ಜೋಡಿಸಿಟ್ಟುಕೊಂಡು ಕೂತಿರುವ ಮಾವ, ಒಳಗೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ವಾಪಸು ಕಳಿಸಿ, ಕಳಿಸಿದ್ದಕ್ಕೆ ಮೀಸೆ ತಿರುವಿಕೊಳ್ಳುತ್ತಾರೆ ಅಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ. ಕಣ್ಣಾರೆ ಕಂಡ ದಿನ ಅಂಗಡಿಯ ಮೆಟ್ಟಿಲ ಮೇಲೇ ಕುಸಿದು ಕೂತೆ.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮಾವನ ವ್ಯಾಪಾರ ಎರಡು ವರ್ಷದಿಂದ ತಣ್ಣಗಾಗಿತ್ತು. ಅರ್ಧ ಜನ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ, ಉಳಿದರ್ಧ ತುಮಕೂರಿಗೆ ಬಸ್ಸು ಹತ್ತಿ ಮೂರಂತಸ್ತಿನ ಶೋರೂಮಿಗೆ ಹೋಗುತ್ತಾರೆ. ಅಷ್ಟರಲ್ಲಿ ಮೊಬೈಲ್ ಅಂಗಡಿ ಇಡುವವನೊಬ್ಬ ಬಂದು, ಮಳಿಗೆ ಬಾಡಿಗೆಗೆ ಕೊಡಿ ಎಂದು ಅತ್ತೆಯ ಕಿವಿ ಕಚ್ಚಿ ಹೋಗಿದ್ದ. ಅತ್ತೆ ಗಂಡನಿಗೆ ಗಡುವು ಹಾಕಿಬಿಟ್ಟರು. "ಯುಗಾದಿ ತಂಕ ನೋಡ್ತೀನಿ. ಅಷ್ಟ್ರಾಗೆ ವ್ಯಾಪಾರ ಕುದುರ್ಲಿಲ್ಲ ಅಂದ್ರೆ ಬಾಡಿಗೆಗೆ ಕೊಡಾದೇಯ." ಅಂದಿನಿಂದ ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ಮುದ್ದೆಯನ್ನು ತಟ್ಟೆಯಲ್ಲಿ ಸುಮ್ಮನೆ ಉರುಳಿಸುತ್ತಾ ಕೂರುತ್ತಿದ್ದರು. ನೋಡಲಾಗದೆ ನಾನೇ, ತುಮಕೂರಿನ ಹೋಟೆಲೊಂದರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ನಡೆಸುತ್ತಿದ್ದ ಒಂದು ದಿನದ ಕಂಟೆಂಟ್ ಮಾರ್ಕೆಟಿಂಗ್, ಅಂದರೆ ಫೋನಿನಲ್ಲಿ ವಿಡಿಯೋ ಹಾಕಿ ಗಿರಾಕಿ ಸೆಳೆಯುವ ವಿದ್ಯೆಯ ಶಿಬಿರಕ್ಕೆ ಕರೆದುಕೊಂಡು ಹೋದೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ನನಗೆ ಈ ಲೆಕ್ಕ ಹೀಗೆ ತಪ್ಪುತ್ತದೆ ಎಂದು ಗೊತ್ತಾಗಲಿಲ್ಲ ನೋಡಿ!

ಕತ್ತಿಗೆ ಟೈ, ಕೆನ್ನೆಗೆ ಮೈಕು ಅಂಟಿಸಿಕೊಂಡಿದ್ದ ಒಬ್ಬ ಹುರುಪಿನ ಯುವಕ ಪಾಠ ಮಾಡಿದ. "ಜನ ಕಂಡ ತಕ್ಷಣ ತಗೊಳ್ಳಿ ತಗೊಳ್ಳಿ ಅನ್ನಬೇಡಿ. ಮೊದಲು ಅವರಿಗೆ ಉಪಯೋಗವಾಗೋ ನಾಲ್ಕು ಮಾತು ಹೇಳಿ. ಕಥೆ ಹೇಳಿ. ದುಡ್ಡು ಕೇಳದೆ ಕೊಡಿ. ನಂಬಿಕೆ ಬಂದ ಮೇಲೆ ಅವರೇ ನಿಮ್ಮನ್ನು ಹುಡುಕಿಕೊಂಡು ಬರ್ತಾರೆ!" ಒಬ್ಬಟ್ಟಿನ ಊಟವಾಗಿತ್ತು, ಉಳಿದವರೆಲ್ಲ ತೂಕಡಿಸುತ್ತಿದ್ದರು. ಮಾವ ಮಾತ್ರ ಜೇಬಿನಲ್ಲಿದ್ದ ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡು, ಕೊನೆಯಲ್ಲಿ ಎದ್ದು ನಿಂತರು.

"ಸಾರ್, ಹುಡುಕ್ಕೊಂಡ್ ಬಂದ್ಮೇಲೆ ಮಾರಬೋದಾ?"

ಆತ ತಮಾಷೆಗೆ ಕೇಳಿದ್ದಾರೆಂದುಕೊಂಡು ನಕ್ಕುಬಿಟ್ಟ. "ಅವಸರ ಬೇಡ ಸಾರ್!"

ಮುಗಿಯಿತು. ಮಾವ ಆ ಮೂರು ಪದವನ್ನೂ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು.

ಊರಿಗೆ ಬಂದವರೇ ವಿಡಿಯೋ ಮಾಡಿ ಹಾಕತೊಡಗಿದರು. ಮೊದಲನೆಯದು, ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಬಿಡಿಸುವುದು ಹೇಗೆ ಎಂದು. ಒಳಗಿನ ಲೋಟಕ್ಕೆ ತಣ್ಣೀರು ಹಾಕಿ, ಹೊರಗಿನ ಲೋಟವನ್ನು ಬಿಸಿನೀರಲ್ಲಿ ಇಟ್ಟು, ಮಂತ್ರವಾದಿಯ ಗತ್ತಿನಲ್ಲಿ ಪಟಕ್ಕನೆ ಎಳೆದು ತೋರಿಸಿದರು. ಎರಡನೆಯದು ಹಾಲು ಸೀದು ಹೋದ ಪಾತ್ರೆಯ ತಳ ಬಿಡಿಸುವುದು. ಜನ ಮುಗಿಬಿದ್ದು ನೋಡಿದರು! ನನ್ನ ಶಾಲೆಯ ಹೆಡ್‌ಮಿಸ್ಸೇ ಸ್ಟಾಫ್‌ರೂಮಿನಲ್ಲಿ ಎರಡು ಲೋಟ ಹಿಡಿದುಕೊಂಡು ನಿಂತಿದ್ದರು. ಆದರೆ ಇಡೀ ವಿಡಿಯೋದಲ್ಲಿ ಎಲ್ಲೂ ಅಂಗಡಿಯ ಸುದ್ದಿಯೇ ಇಲ್ಲ. ಫೋನು ಮಾಡಿದೆ.

"ಮಾವ, ಅಂಗಡಿ ಹೆಸ್ರೇ ಹೇಳಿಲ್ವಲ್ಲ ನೀವು?"

"ಹೇಳುದ್ರೆ ಮಾರ್ದಂಗಾಗಲ್ವೇನಮ್ಮಿ?"

ಆದರೂ ಜನ ಅವರನ್ನು ಹುಡುಕಿಕೊಂಡು ಬಂದರು, ಅದೇ ಆಶ್ಚರ್ಯ. ಒಂದು ಶನಿವಾರ ನಾನು ಅಂಗಡಿಯಲ್ಲಿದ್ದಾಗಲೇ ಯಡಿಯೂರಿನ ಕಡೆಯಿಂದ ಒಬ್ಬ ಹೆಂಗಸು ಬ್ಯಾಗಿನಲ್ಲಿ ಹಳೇ ಕುಕ್ಕರು ಹಿಡಿದುಕೊಂಡು ಬಂದಳು. "ಲೋಟದ ವಿಡಿಯೋದವ್ರು ನೀವೇ ಅಲ್ವಾ? ಇದು ಕೂಗೋದೇ ಇಲ್ಲ. ಹೊಸದೊಂದು ಕೊಡಿ." ಅತ್ತೆಯ ಮುಖ ಅರಳಿತು. ಅಟ್ಟದಿಂದ ಹೊಸ ಕುಕ್ಕರು ಇಳಿಸಲು ಸ್ಟೂಲು ಹತ್ತಿಯೇಬಿಟ್ಟರು. ಮಾವ ಮಾತ್ರ ಹಳೆಯದನ್ನು ಈಸಿಕೊಂಡು, ವಿಷಲ್ಲಿನ ತೂತಿಗೆ ಪಿನ್ನು ಹಾಕಿ ಕೆದಕಿ, ಗ್ಯಾಸ್ಕೆಟ್ಟನ್ನು ತಣ್ಣೀರಲ್ಲಿ ಅದ್ದಿ ತೆಗೆದು, ಒಳಗೆ ಒಲೆಯ ಮೇಲಿಟ್ಟು ಕೂಗಿಸಿ ತೋರಿಸಿದರು. "ಏನಾಗೈತೆ ಇದ್ಕೆ? ಇನ್ನೂ ಹತ್ತು ವರ್ಷ ಬತ್ತದೆ. ಸುಮ್ನೆ ಯಾಕ್ ದುಡ್ಡು ಕಳ್ಕೊಂತೀಯಮ್ಮ?" ಅಷ್ಟಕ್ಕೇ ನಿಲ್ಲಿಸಿದರೆ? ಬ್ಯಾಗು ಭಾರವಿದೆ ಎಂದು ತಾವೇ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋದರು!

ಸ್ಟೂಲಿನ ಮೇಲೆ ಹೊಸ ಕುಕ್ಕರು ಹಿಡಿದುಕೊಂಡು ನಿಂತಿದ್ದ ಅತ್ತೆ ನನ್ನ ಮುಖ ನೋಡಿದರು. "ನೋಡ್ದೇನಮ್ಮಿ? ಬಾಗ್ಲಿಗೆ ಬಂದ ಲಕ್ಷ್ಮಿಗೆ ಬಸ್ಸು ಹತ್ತಿಸ್ಬರಾಕೆ ಹೋದ್ರು ನಿಮ್ಮಾವ!"

ನಾನು ಮೆಟ್ಟಿಲ ಮೇಲೆ ಕುಸಿದದ್ದು ಆಗಲೇ. ಆದರೆ ಅದೇನೂ ಅಲ್ಲ ಅನ್ನಿಸುವ ಆಘಾತ ಮುಂದೆ ಕಾದಿತ್ತು.

ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಟ್ಟರೆ, ಅದರ ಮೇಲೆ ಹೆಸರು ಕೆತ್ತಿಸದೆ ಕೊಡುವ ಪದ್ಧತಿಯೇ ಇಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು, ಎಲ್ಲವೂ ಅಂಚಿನ ಮೇಲೆ ಇರಲೇಬೇಕು. ಸುತ್ತಮುತ್ತಲ ಊರುಗಳ ಅರ್ಧಕ್ಕರ್ಧ ಪಾತ್ರೆಗಳ ಮೇಲೆ ಹೆಸರು ಕೆತ್ತಿದವರು ನಮ್ಮ ಮಾವ, ಅದಕ್ಕೂ ಹಿಂದಿನವಕ್ಕೆ ನಮ್ಮ ತಾತ. ಶಿಬಿರದಲ್ಲಿ ಕಥೆ ಹೇಳಿ ಅಂದಿದ್ದರಲ್ಲ? ಮಾವನಿಗೆ ಮಿಂಚು ಹೊಡೆಯಿತು. ಮನೆಮನೆಗೆ ಹೋಗಿ, ಅಡುಗೆಮನೆಗೆ ನುಗ್ಗಿ, ಪಾತ್ರೆಯ ಮೇಲಿನ ಹೆಸರು ಓದಿ ಅದರ ಚರಿತ್ರೆ ಹೇಳುವುದು! ಮೊದಲ ಪ್ರಯೋಗ ಕುಣಿಗಲ್ಲಿನಲ್ಲಿ, ನಮ್ಮ ನೆಂಟರೊಬ್ಬರ ಗೃಹಪ್ರವೇಶದ ದಿನವೇ ನಡೆಯಿತು. ಉಡುಗೊರೆಗಳ ರಾಶಿಯಿಂದ ಒಂದು ದೊಡ್ಡ ಸ್ಟೀಲ್ ಡಬ್ಬ ಎತ್ತಿಕೊಂಡು, ಮುಚ್ಚಳದ ಮೇಲಿನ ಹೊಸ ಹೆಸರು ಓದಿದರು. ಕೊಟ್ಟವರು ಅಲ್ಲೇ ನಿಂತು ನಾಚಿಕೊಂಡು ನಕ್ಕರು. ಮಾವ ಡಬ್ಬ ತಲೆಕೆಳಗು ಮಾಡಿದರು.

"ಅಲಲಲಾ! ತಳದಾಗೆ ನನ್ ಕೈಬರ ಐತಲ್ಲ! ಸ್ನೇಹಿತ್ರೇ, ಈ ಡಬ್ಬ ಇದೇ ಮನೆಯೋರು ಇವ್ರ ಮದ್ವೆಗೆ ಕೊಟ್ಟಿದ್ದು ಕಣ್ರಪ್ಪ! ಬರೋಬ್ಬರಿ ಹನ್ನೆರಡು ವರ್ಷ ಆದ್ಮೇಲೆ ತವರಿಗೆ ಬಂದೈತೆ!"

ಒಗ್ಗರಣೆ ಹಾಕುತ್ತಿದ್ದವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಡಬ್ಬ ಕೊಟ್ಟವರು ಎಲೆ ಮುಂದೆ ಕೂರದೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ನಾನು ಮಾವನನ್ನು ಪಕ್ಕಕ್ಕೆ ಎಳೆದೆ. "ಮಾವ, ಸಂಬಂಧ ಮುರಿದೋಯ್ತಲ್ಲ!" ಅಂದರೆ, "ಹೋದ್ರೆ ಇಬ್ರು ಹೋದ್ರು ಬುಡು, ನೋಡ್ದೋರು ಎಷ್ಟ್ ಜನ ನೋಡಿಲ್ಲಿ!" ಎಂದು ಫೋನು ಮುಂದೆ ಹಿಡಿದರು. ಆಮೇಲೆ ಗುಬ್ಬಿಯಲ್ಲಿ ಮಾವ ಬೀದಿಗಿಳಿದರೆ ಸಾಕು, ಹೆಂಗಸರು ಜಗಲಿ ಮೇಲೆ ಒಣಗಲು ಹಾಕಿದ್ದ ಪಾತ್ರೆಗಳನ್ನು ಬಾಚಿಕೊಂಡು ಒಳಗೆ ಓಡುತ್ತಿದ್ದರಂತೆ.

ನಾನು ನಕ್ಕಿದ್ದೆ. ನಗಬಾರದಿತ್ತು. ಒಂದು ಭಾನುವಾರ ತುಮಕೂರಿನ ಸದಾಶಿವನಗರದ ನಮ್ಮ ಮನೆಗೇ ಬಂದರು. ಕಾಫಿ ಸೋಸುತ್ತಿದ್ದೆ. ಹಿಂದೆ ಏನೋ ದಡಬಡ ಸದ್ದು. ತಿರುಗಿ ನೋಡಿದರೆ ಮಾವ ಅಟ್ಟದಿಂದ ಒಂದು ಕೊಳಗ ಇಳಿಸಿಕೊಂಡು ಫೋನಿನೆದುರು ನಿಂತಿದ್ದಾರೆ. "ಸ್ನೇಹಿತ್ರೇ, ನೇರಪ್ರಸಾರದಾಗೆ ನಿಮ್ಗೆಲ್ಲ ನಮಸ್ಕಾರ! ಇದು ನಮ್ಮಕ್ಕನ ಮಗಳ ಮನೆ. ಓದ್ತೀನಿ ಕೇಳಿ. ಚಿರಂಜೀವಿ ಸೌಭಾಗ್ಯವತಿ ಶೈಲಜಾ ಹಾಗೂ ಚಿರಂಜೀವಿ ಮಂಜುನಾಥ, ಇವರ ವಿವಾಹದ ಸವಿನೆನಪಿಗೆ..."

ನನ್ನ ಗಂಡನ ಹೆಸರು ಲೋಕೇಶ!

ಸೋಸುವ ಬಟ್ಟೆ ಕೈಯಿಂದ ಜಾರಿ ಲೋಟದೊಳಗೆ ಬಿತ್ತು. ಹದಿನೈದು ವರ್ಷದ ಹಿಂದೆ ಕುಣಿಗಲ್ಲಿನ ಒಂದು ಸಂಬಂಧ ನಿಶ್ಚಯವಾಗಿ, ಮಾವ ಉತ್ಸಾಹದಿಂದ ಪಾತ್ರೆಗಳಿಗೆಲ್ಲ ಹೆಸರು ಕೆತ್ತಿ ಮುಗಿಸಿದ ಮೇಲೆ ಅದು ಮುರಿದುಬಿದ್ದಿತ್ತು. ದಪ್ಪ ತಳದ ಹಿತ್ತಾಳೆ ಕೊಳಗ, ಹೆಸರಿಗಾಗಿ ಬಿಸಾಕುವುದುಂಟೇ ಎಂದು ಅಮ್ಮ ಅದನ್ನು ನನ್ನ ಸಾಮಾನಿನ ಜೊತೆ ಕಟ್ಟಿಸಿ, "ಹೆಸ್ರು ಗೋಡೆ ಕಡೆ ಇರ್ಲಿ" ಎಂದು ಕಿವಿಯಲ್ಲಿ ಹೇಳಿ ಕಳಿಸಿದ್ದಳು. ಹದಿನೈದು ವರ್ಷ ಗೋಡೆ ನೋಡಿಕೊಂಡಿದ್ದ ಹೆಸರು ಈಗ ಊರಿಗೆಲ್ಲ ಕಾಣುತ್ತಿದೆ! ಬಾಗಿಲಲ್ಲಿ ನನ್ನ ಗಂಡ. ಅವರು ಕೊಳಗ ನೋಡಿದರು. ನನ್ನನ್ನು ನೋಡಿದರು. ಬಂದು ಕೊಳಗದ ತಳಕ್ಕೆ ಎರಡು ಸಾರಿ ಬೆರಳಿನಿಂದ ತಟ್ಟಿದರು.

"ಪಾತ್ರೆ ಗಟ್ಟಿಯಾಗೈತೆ ಮಾವ. ಇಷ್ಟು ದಿನ ಯಾಕ್ ಬಳಸ್ಲಿಲ್ಲ?"

ನಾನು ಉಸಿರು ಬಿಟ್ಟೆ. ಬಿಡುವಷ್ಟರಲ್ಲಿ ಫೋನಿನ ಮೇಲೆ ಒಂದು ಸಾಲು ಮೂಡಿತು. ಕುಣಿಗಲ್ಲಿನಿಂದ ಒಬ್ಬರು ಕೇಳುತ್ತಿದ್ದರು, "ಸಾರ್, ಈ ಮಾಡೆಲ್ ಕೊಳಗ ಈಗಲೂ ಸಿಗುತ್ತಾ?" ಕಳಿಸಿದವರ ಹೆಸರು ಮಂಜುನಾಥ! ಆ ಮಹಾನುಭಾವನೇ! ಹೋಗಲಿ, ನಮ್ಮ ಮಾವ ಅವನಿಗಾದರೂ ಒಂದು ಕೊಳಗ ಮಾರಿದರೇ? ಊಹೂಂ. "ಹಳೇದು ಇದ್ರೆ ಒಳಗೆ ಕಲಾಯಿ ಹಾಕ್ಸಪ್ಪ ಮಗಾ, ಸಾಕು" ಎಂದು ಬುದ್ಧಿ ಹೇಳಿ ಫೋನು ಆರಿಸಿದರು.

ಈ ಕೊಳಗದ ವಿಡಿಯೋ ಎಷ್ಟು ಓಡಿತೆಂದರೆ ಅತ್ತೆಗೂ ಹುಚ್ಚು ಹತ್ತಿತು. ಫೋನು ಹಿಡಿಯುವ ಕೆಲಸ ಅವರೇ ವಹಿಸಿಕೊಂಡರು. ದಿನಾ ಹತ್ತಾರು ಜನ ಅಂಗಡಿಗೆ ಬಂದು, ಮಾವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅತ್ತೆ ಕೊಟ್ಟ ಟೀ ಕುಡಿದು, ತಮ್ಮ ಮನೆಯ ಸೀದ ಬಾಣಲೆಗಳ ಕಷ್ಟ ಹೇಳಿಕೊಂಡು, ಸಮಾಧಾನ ಕೇಳಿಸಿಕೊಂಡು ಹೋಗುತ್ತಿದ್ದರು. ಅಂಗಡಿಯಿಂದ ಹೊರಗೆ ಹೋಗುತ್ತಿದ್ದುದು ಟೀ ಲೋಟಗಳು ಮಾತ್ರ, ಅವೂ ತೊಳೆಯುವುದಕ್ಕೆ. ಯುಗಾದಿ ಹತ್ತಿರ ಬಂತು. ಅತ್ತೆ ಕೊನೆಗೂ ಮೊಬೈಲ್ ಅಂಗಡಿಯವನಿಗೆ ಬಾ ಎಂದು ಹೇಳಿಕಳಿಸಿದರು.

ಅವನು ಮಳಿಗೆ ಅಳತೆ ಮಾಡಲು ಬರುವ ದಿನ ನಾನೂ ಗುಬ್ಬಿಗೆ ಹೋದೆ. ಮಾವ ಸ್ಟೂಲಿನ ಮೇಲೆ ಕೂತು ಒಂದೇ ಲೋಟವನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ನನ್ನನ್ನು ಕಂಡು ನಗಲು ನೋಡಿದರು, ಆಗಲಿಲ್ಲ. ಆ ಮುಖ ನೋಡಿ ನನಗೆ ಅಳು ಬಂತು. ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು, ಪಕ್ಕದಲ್ಲಿ ಕೂತು ನಾನೂ ಒಂದು ಲೋಟ ಒರೆಸತೊಡಗಿದೆ.

ಆಗ ಗೂಳೂರಿನಿಂದ ಒಬ್ಬ ಅಜ್ಜ ಬಂದ. ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ ಹಿತ್ತಾಳೆ ತಂಬಿಗೆಯೊಂದನ್ನು ಬಿಚ್ಚಿ ಮಾವನ ಮುಂದಿಟ್ಟ.

"ಮೊಮ್ಮಗಳು ಫೋನ್ನಾಗೆ ತೋರ್ಸುದ್ಲು ಸ್ವಾಮಿ. ಹೆಸ್ರು ಓದೋರು ನೀವೇಯಾ?"

"ಹೂಂ ಕಣಜ್ಜ. ಕೂತ್ಕೊ."

"ಇದ್ರ ಮ್ಯಾಲೆ ನಮ್ಮನೆಯವ್ಳ ಹೆಸ್ರಿತ್ತು. ಮದ್ವೇಲಿ ಅವ್ರಪ್ಪ ಇದೇ ಅಂಗ್ಡೀಲಿ ಬರ್ಸಿದ್ದಂತೆ. ದಿನಾ ಹುಣಸೆಹಣ್ಣು ಹಾಕಿ ಉಜ್ಜೋಳು. ಉಜ್ಜೀ ಉಜ್ಜೀ ಅವಳ ಹೆಸ್ರು ಅವ್ಳೇ ಅಳಿಸಾಕ್ಬುಟ್ಲು." ಅಜ್ಜ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. "ಕಾರ್ತೀಕದಾಗೆ ಹೋಗ್ಬುಟ್ಲು. ಪುಟ್ಟಗೌರಮ್ಮ ಅಂತ. ಮೊದ್ಲಿದ್ದಂಗೇ ಮಾಡ್ಕೊಡ್ತೀರಾ? ನಂಗೆ ಓದಾಕ್ ಬರಲ್ಲ. ಆದ್ರೂ ಇರ್ಲಿ."

ಮಾವ ತಂಬಿಗೆಯನ್ನು ಬಾಗಿಲ ಬೆಳಕಿಗೆ ಒಯ್ದು, ಓರೆ ಮಾಡಿ, ಬಹಳ ಹೊತ್ತು ನೋಡಿದರು. ಅಂಚಿನ ಮೇಲೆ ಬೆರಳು ಆಡಿಸಿದರು. ಆಮೇಲೆ ನನ್ನನ್ನು ಕರೆದರು. "ಇಲ್ ಬಾ ಅಮ್ಮಿ. ಮುಟ್ಟಿ ನೋಡು. ಸಣ್ಣ ಸಣ್ಣ ಚುಕ್ಕಿ ಸಿಕ್ತಾವಾ? ಆಗ ಮಿಷನ್ ಎಲ್ಲಿತ್ತು, ಉಳಿ ಇಟ್ಟು ಒಂದೊಂದೇ ಚುಕ್ಕಿ ಹೊಡೀಬೇಕಿತ್ತು." ತಾವೂ ಮತ್ತೊಮ್ಮೆ ಮುಟ್ಟಿದರು. "ಇದು ನಮ್ಮಪ್ಪನ ಕೈ ಕಣಮ್ಮಿ."

ಅತ್ತೆ ಆಗಲೇ ಫೋನು ಎತ್ತಿ ಹಿಡಿದಿದ್ದರು. "ರೀ, ವಸಿ ಈ ಕಡೆ ತಿರುಗ್ರಿ. ಇದೊಂದ್ ಹಾಕ್ಬುಡಾನ. ನಾಳೀಕೆ ಊರಿಗೂರೇ ಅಂಗ್ಡಿ ಮುಂದೆ ನಿಂತ್ಕಂತದೆ." ಅತ್ತೆ ಹೇಳಿದ್ದು ನಿಜ. ಇಂಥದ್ದೊಂದು ಕಥೆಗಾಗಿಯೇ ಅಲ್ಲವೇ ಮಾವ ಕಂಡವರ ಅಡುಗೆಮನೆಯೆಲ್ಲ ಜಾಲಾಡಿದ್ದು? ಅಂಗಡಿ ಉಳಿಯುವುದಿದ್ದರೆ ಇದರಿಂದಲೇ ಉಳಿಯಬೇಕು.

ಮಾವ ತಲೆ ಎತ್ತಲಿಲ್ಲ. "ಬೇಡ ಕಣೆ. ಇದ್ನ ಯಾರ್ಗೂ ತೋರ್ಸಾದು ಬೇಡ."

ಇಷ್ಟು ದಿನದ ಆಘಾತಗಳೆಲ್ಲ ಒಂದು ತೂಕ, ಇದೇ ಒಂದು ತೂಕ. ಅತ್ತೆ ಫೋನನ್ನು ಮೆಲ್ಲಗೆ ಕೆಳಗಿಳಿಸಿದರು. ಮಾವ ಹೆಸರು ಕೆತ್ತುವ ಮಿಷನ್ನನ್ನು ಪಕ್ಕಕ್ಕೆ ಸರಿಸಿ, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಿಂದ ತಾತನ ಉಳಿ, ಸಣ್ಣ ಸುತ್ತಿಗೆ ತೆಗೆದು, ತಂಬಿಗೆಯನ್ನು ತೊಡೆಯ ನಡುವೆ ಇಟ್ಟುಕೊಂಡರು. ಹಳೆಯ ಚುಕ್ಕಿ ಹುಡುಕಿ, ಅದರ ಮೇಲೇ ಉಳಿ ಇಟ್ಟು ಹೊಡೆದರು. ಮತ್ತೆ ಹುಡುಕಿ, ಮತ್ತೆ ಹೊಡೆದರು. ಅಜ್ಜ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಒಂದೊಂದು ಏಟಿಗೂ ತುಟಿ ಅಲುಗಿಸುತ್ತಾ ನೋಡುತ್ತಿದ್ದ.

ಅಷ್ಟರಲ್ಲಿ ಟೇಪು ಹಿಡಿದುಕೊಂಡು ಮೊಬೈಲ್ ಅಂಗಡಿಯವನು ಬಂದ. "ಅಮ್ಮಾ, ಒಳಗೆ ಬಂದು ಅಳತೆ ತಗೊಂಬುಡ್ಲಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ, ಬಾಗಿಲಿಗೆ ಅಡ್ಡಲಾಗಿ ನಿಂತರು.

"ಅಂಗ್ಡಿ ಕೊಡಲ್ಲ ಕಣಪ್ಪ. ಒಳಗೆ ಕೆಲ್ಸ ನಡೀತಾ ಐತೆ."