ಆರರ ಮೇಲೆ ತೆರೆಯದ ಪೆಟ್ಟಿಗೆ

"ಇವತ್ತಿನಿಂದ ಸಂಜೆ ಆರರ ಮೇಲೆ ಆಫೀಸು ಈ ಮನೆ ಹೊಸಿಲು ದಾಟೋ ಹಾಗಿಲ್ಲ" ಎಂದು ಘೋಷಿಸಿ, ಕ್ಷೇಮಾಧಿಕಾರಿ ಒಂದು ಪೆಟ್ಟಿಗೆಯನ್ನು ತಂದು ಹೆಂಡತಿಯ ಹೊಲಿಗೆ ಮೇಜಿನ ಮೇಲಿಟ್ಟ. ಇಟ್ಟ ಠೀವಿ ನೋಡಿದರೆ ಯಾವುದೋ ರಾಜ್ಯ ಗೆದ್ದು ಕಿರೀಟ ತಂದವನಂತಿತ್ತು.

ಛತ್ರಿ ಕಾರ್ಖಾನೆಯೊಂದರಲ್ಲಿ ನೌಕರರ ರಜೆ, ವಿಮೆ, ಆರೋಗ್ಯ, ನೆಮ್ಮದಿ ಎಲ್ಲವೂ ಅವನ ಸುಪರ್ದಿ. ಊರವರ ನೆಮ್ಮದಿ ಕಾಯುತ್ತ ತನ್ನದನ್ನು ಎಲ್ಲಿಟ್ಟೆನೆಂದೇ ಮರೆತಿದ್ದ. ಕಾರಣ, ಮಾಲೀಕರು. ಊಟಕ್ಕೆ ಕೂರುವುದಕ್ಕೂ ಅವರ ಫೋನು ಬರುವುದಕ್ಕೂ ಸರಿಹೋಗುತ್ತಿತ್ತು. ಇವನು ಎತ್ತದಿದ್ದರೆ ಹೆಂಡತಿಯ ಫೋನಿಗೆ ಮಾಡುತ್ತಿದ್ದರು. ಸಾಲದ್ದಕ್ಕೆ, ಅವರು ಎಂದೂ ತಾವಾಗಿ ಕರೆ ಕಟ್ ಮಾಡಿದವರಲ್ಲ. ಮಾತು ಮುಗಿದರೆ ಫೋನನ್ನು ಹಾಗೇ ಮೇಜಿನ ಮೇಲಿಟ್ಟುಬಿಡುವರು. ಕಟ್ ಮಾಡುವುದು ಕೆಳಗಿನವರ ಕೆಲಸ.

ಅದಕ್ಕೇ ಅವನು ಹೊಸ ನಿಯಮ ಬರೆದಿದ್ದ: ಆರರ ಮೇಲೆ ಯಾವ ನೌಕರನಿಗೂ ಕೆಲಸದ ಫೋನು ಹೋಗಕೂಡದು. ನಾಳೆ ಮಾಲೀಕರು ಸಹಿ ಹಾಕಿದರೆ ಇಡೀ ಕಾರ್ಖಾನೆ ಬಿಸಿ ಊಟ ಮಾಡುತ್ತದೆ. ಹಾಕದಿದ್ದರೆ ಅವನಿಗೆ ತಣ್ಣಗಿನ ಊಟವೇ ಗತಿ. ನಿಯಮದ ಜೊತೆಗೆ ಮನೆಗೊಂದು ಪೆಟ್ಟಿಗೆ. ಫೋನ್ ಒಳಗಿಟ್ಟು ಮುಚ್ಚಳದ ಮೇಲಿನ ಗಡಿಯಾರದ ಮುಳ್ಳು ತಿರುಗಿಸಿದರೆ ಮುಗಿಯಿತು, ಹೇಳಿದ ಹೊತ್ತಿಗಿಂತ ಮುಂಚೆ ಬ್ರಹ್ಮ ಬಂದರೂ ತೆರೆಯದು!

"ನೋಡ್ತಾ ಇರು" ಎಂದು ತನ್ನ ಫೋನನ್ನು ಒಳಗಿಟ್ಟ. ಕೈಗೆ ಸಿಕ್ಕ ಅವಳದನ್ನೂ ಇಟ್ಟ. ಹೊಲಿಯುವಾಗ ಎರಡು ಕೈಯೂ ಬಿಡುವಿರುವುದಿಲ್ಲವೆಂದು, ತಾನಾಗಿಯೇ ಕರೆ ಎತ್ತಿ ಸ್ಪೀಕರಿನಲ್ಲಿ ಮಾತಾಡುವಂತೆ ಅವಳು ಅದನ್ನು ಮಾಡಿಟ್ಟಿದ್ದಳು. ಅದು ಅವನಿಗೆ ಆಗ ಹೊಳೆಯಲಿಲ್ಲ. ಮುಳ್ಳನ್ನು ಬೆಳಗಿನ ತಿಂಡಿಯ ಹೊತ್ತಿಗೆ ತಿರುಗಿಸಿದ.

"ನಂದ್ಯಾಕೆ ಹಾಕಿದ್ರಿ?"

"ನಿಂಗೂ ನೆಮ್ಮದಿ ಬೇಡ್ವಾ?"

"ಗಿರಾಕಿಗಳು ಫೋನ್ ಮಾಡ್ತಾರೆ. ತೆಗೀರಿ."

"ತೆಗೆಯೋಕೆ ಬಂದ್ರೆ ಇದನ್ಯಾಕೆ ತರ್ತಿದ್ದೆ?"

ಅವಳು ಹೊಲಿಗೆ ಯಂತ್ರ ತುಳಿಯತೊಡಗಿದಳು. ಸಿಟ್ಟು ಬಂದಾಗ ಅವಳು ಹೀಗೇ. ರವಿಕೆಯೂ ಬೇಗ ಮುಗಿಯುತ್ತದೆ, ಗಂಡನೂ. ಆ ಗಡಗಡ ಸದ್ದನ್ನು ಮೀರಿಸಲು ಅವನು ಗಂಟಲು ಹರಿದುಕೊಂಡ.

"ನಾನೇನು ಸುಮ್ನೆ ತಂದ್ನಾ? ನಮ್ಮ ಮಾಲೀಕರಿಗೆ ಮನೇಲಿ ಮಾತಾಡೋರೇ ಇಲ್ಲ ಅಂತ ಕಾಣುತ್ತೆ, ನನ್ನ ತಲೆ ತಿಂತಾರೆ. ನೌಕರರ ಒತ್ತಡ ಯಾಕೆ ಕಡಿಮೆ ಆಗ್ತಿಲ್ಲ ಅಂತ ಊಟದ ಹೊತ್ತಲ್ಲಿ ಫೋನ್ ಮಾಡಿ ಕೇಳ್ತಾರೆ. ಒತ್ತಡಾನೇ ಅವರು!"

ಹೆಂಡತಿ ಥಟ್ಟನೆ ಯಂತ್ರ ನಿಲ್ಲಿಸಿದಳು. ಪೆಟ್ಟಿಗೆಯೊಳಗೆ ಯಾರೋ ಕೆಮ್ಮಿದರು.

ಅವನು ಪೆಟ್ಟಿಗೆಯತ್ತ ಬಗ್ಗಿದ. "ಸರ್... ಯಾವಾಗಿಂದ ಲೈನಲ್ಲಿದೀರಿ?"

"ಮನೇಲಿ ಮಾತಾಡೋರೇ ಇಲ್ಲ ಅಂದ್ಯಲ್ಲ, ಅಲ್ಲಿಂದ" ಎಂದಿತು ಪೆಟ್ಟಿಗೆ.

ಕ್ಷೇಮಾಧಿಕಾರಿ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತ. ಆಮೇಲೆ ಮುಚ್ಚಳ ಎಳೆದ, ಉಗುರು ಹಾಕಿದ, ಕತ್ತರಿ ತೂರಿಸಿದ. ಕತ್ತರಿ ಬಾಗಿತು. ತಾನೇ ಆರಿಸಿದ ಪೆಟ್ಟಿಗೆ ಇಷ್ಟು ಗಟ್ಟಿಯಾಗಿರಬಾರದಿತ್ತು ಎನಿಸಿತು.

"ಅದು ನನ್ನ ಕತ್ತರಿ" ಎಂದಳು ಹೆಂಡತಿ.

"ಏನಪ್ಪ, ಒತ್ತಡ ನಾನೇ ಅಂತೀಯಾ?" ಪೆಟ್ಟಿಗೆ ಬಿಡಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಹೌದು ಸರ್. ಇವರು ನನ್ನ ಜೊತೆ ಕೂತು ಬಿಸಿ ಊಟ ಮಾಡಿ ವರ್ಷದ ಮೇಲಾಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. ಅವಳು ಅದನ್ನೆಲ್ಲ ನೆನಪಿಟ್ಟುಕೊಂಡಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಪೆಟ್ಟಿಗೆ ಮತ್ತೊಮ್ಮೆ ಕೆಮ್ಮಿತು. "ಆಯ್ತಮ್ಮ, ನಾಳೆ ಸಹಿ ಹಾಕ್ತೀನಿ. ಇಡಪ್ಪ ಫೋನು, ಊಟ ಮಾಡು."

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಅವರು ಕಟ್ ಮಾಡುವವರಲ್ಲ, ಇವನು ಮಾಡೋಣವೆಂದರೆ ಫೋನು ಪೆಟ್ಟಿಗೆಯೊಳಗೆ. ಗಂಡ ಹೆಂಡತಿ ಬಿಸಿ ಊಟ ಬಡಿಸಿಕೊಂಡು, ತಟ್ಟೆಯ ಸದ್ದೂ ಆಗದಂತೆ, ಸನ್ನೆಯಲ್ಲೇ ಉಪ್ಪು ಕೇಳುತ್ತ ಕೂತರು. ಅಷ್ಟರಲ್ಲಿ ಪೆಟ್ಟಿಗೆಯಿಂದ ಮಾಲೀಕರ ಹೆಂಡತಿಯ ದನಿ ಕೇಳಿತು.

"ಊಟಕ್ಕೆ ಕೂತ್ರೂ ಫೋನ್ ಇನ್ನೂ ಆನಲ್ಲೇ ಇದೆಯಲ್ಲ, ಯಾರ್ರೀ ಅದು?"

"ನಮ್ಮ ಕ್ಷೇಮಾಧಿಕಾರಿ" ಎಂದು ಮಾಲೀಕರು ನಿಟ್ಟುಸಿರಿಟ್ಟರು. "ಆರರ ಮೇಲೆ ಫೋನ್ ಬೇಡ ಅಂತ ನಿಯಮ ಬರೆದೋನೇ ಅವನು. ಈಗ ನೋಡು, ಎಷ್ಟೊತ್ತಾದ್ರೂ ಕಟ್ಟೇ ಮಾಡ್ತಿಲ್ಲ."