ನಾಗವಲ್ಲೀಲಿ ದಾಸರು ಇಳೀಬೇಕು

ಸಂಗೀತ ಹೇಳಿಕೊಡೋರಿಗೆ ನಗೋ ಪ್ರಸಂಗ ಪಾಠದ ಹೊತ್ತಲ್ಲಿ ಸಿಗೋದು ಕಮ್ಮಿ. ಹೋಂವರ್ಕ್ ಕೊಟ್ಟು ಮಕ್ಕಳನ್ನ ಮನೆಗೆ ಕಳಿಸಿ ನೋಡಿ, ವಾರಕ್ಕೊಂದು ಗ್ಯಾರಂಟಿ. ನಾನು ವಾರವೆಲ್ಲ ತುಮಕೂರಿನ ನಮ್ಮನೇಲಿ, ಶನಿವಾರ ಗುಬ್ಬೀಲಿ, ಭಾನುವಾರ ಕುಣಿಗಲ್ಲಲ್ಲಿ ಪಾಠ ಮಾಡ್ತೀನಿ. ಹಾಗಾಗಿ ಮೂರೂರಿನ ನಗು ನನ್ನ ಪಾಲಿಗಿದೆ.

ಹೋದ ವರ್ಷ ಮಾತ್ರ ನಗು ಬರಲಿಲ್ಲ. ಜೂನಿಯರ್ ಪರೀಕ್ಷೇಲಿ ನನ್ನ ಮಕ್ಕಳು ಹಾಡೋದ್ರಲ್ಲಿ ಗೆದ್ದು, ಸಂಗೀತದ ಇತಿಹಾಸದಲ್ಲಿ ಮಕಾಡೆ ಮಲಗಿದ್ರು. ಇತಿಹಾಸ ಅಲ್ಲಿ ಬಾಯಲ್ಲೇ ಕೇಳೋದು. ಕುಣಿಗಲ್ ಪಾಠಕ್ಕೆ ಬರೋ ಅಮೃತೂರಿನ ಒಬ್ಬ ಹುಡುಗಿ ಇದಾಳೆ, ಆಗ ಎಂಟನೇ ಕ್ಲಾಸು. ಅವಳು ಬಾಯಿ ಬಿಟ್ರೆ ನಾನು ತಾಳ ಹಾಕೋದು ಮರೀತೀನಿ, ಅಂಥ ಕಂಠ. ಪರೀಕ್ಷಕರು ದಾಸರು ಮೊದಲೋ ವಚನಕಾರರು ಮೊದಲೋ ಅಂದಾಗ "ಇಬ್ರೂ ಒಟ್ಟಿಗೇ ಬಂದ್ರು ಸಾರ್" ಅಂದುಬಿಟ್ಟಿದ್ದಳು.

ಅವಳಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ರಿಸಲ್ಟ್ ಬಂದ ಭಾನುವಾರ ಬಾಗಿಲಲ್ಲೇ ನಿಂತು ಹೇಳಿದ್ರು, "ನೋಡಿ ಮೇಡಂ, ಇನ್ನೊಂದ್ ಸಲ ನೋಡ್ತೀನಿ. ಅದ್ರಲ್ಲೂ ಫೇಲಾದ್ರೆ ಸಂಗೀತ ಬಂದ್. ಒಂಬತ್ತನೇ ಕ್ಲಾಸು ಬತ್ತಾ ಐತೆ, ಮ್ಯಾತ್ಸ್ ಟ್ಯೂಷನ್ನಿಗೆ ಹಾಕ್ತೀನಿ."

ಹುಡುಗಿ ಶ್ರುತಿ ಪೆಟ್ಟಿಗೆ ಹಿಂದೆ ಮುಖ ಮುಚ್ಕೊಂಡು ಅತ್ತಳು. ನೋಟ್ಸ್ ಉರು ಹೊಡಿಸಿದ ತಪ್ಪು ನಂದೇ ತಾನೇ? ಅವತ್ತೇ ತೀರ್ಮಾನ ಮಾಡಿದೆ, ಇನ್ಮೇಲೆ ಇತಿಹಾಸ ಅಂದ್ರೆ ಮನೇಲಿ ಆಡೋ ಆಟ.

ಪಂಚಮ ಕುಡಿದ ಮಾವ

ಮೊದಲನೇ ಆಟ, ಹಳೇ ಕಾಲದ ವಾದ್ಯಾನ ಮನೆ ಸಾಮಾನಲ್ಲೇ ಮಾಡೋದು. ತುಮಕೂರಿನ ಒಬ್ಬ ಒಂಬತ್ತು ವರ್ಷದ ಶಿಷ್ಯ ಜಲತರಂಗ ಆರಿಸ್ಕೊಂಡ. ಟೇಬಲ್ ಮೇಲೆ ಎಂಟು ಗಾಜಿನ ಲೋಟ ಸಾಲಾಗಿಟ್ಟು, ಒಂದೊಂದಕ್ಕೂ ಲೆಕ್ಕವಾಗಿ ನೀರು ಹಾಕಿ, ಚಮಚದಲ್ಲಿ ಕುಟ್ಟಿ ಕುಟ್ಟಿ ಎರಡು ಗಂಟೆ ಒದ್ದಾಡಿ ಸ್ವರ ಕೂರಿಸಿದ್ದ. ಅದೇ ಹೊತ್ತಿಗೆ ಮದುವೆ ಕರೆಯೋಕೆ ಅವನ ದೊಡ್ಡ ಮಾವ ಬಂದ್ರು. ಬಿಸಿಲಲ್ಲಿ ಬಂದಿದ್ದ ಮನುಷ್ಯ, ಎದುರಿಗಿದ್ದ ಲೋಟ ಎತ್ತಿ ಅರ್ಧ ಗಟಗಟ ಕುಡಿದು ಇಟ್ರು.

ಹುಡುಗ ಕಿರುಚಿದ, "ಅಮ್ಮಾ! ಮಾವ ಪಂಚಮ ಕುಡಿದುಬಿಟ್ರು!"

ಮಾವನ ಮುಖದ ಬಣ್ಣ ಹೋಯ್ತು. ಅದೇನೋ ಔಷಧಿ ಅಂದ್ಕೊಂಡ್ರಂತೆ. ಅವರಮ್ಮ ನಗು ತಡ್ಕೊಂಡು ವಿಷಯ ಹೇಳಿ, ಮತ್ತೆ ನೀರು ಹಾಕೋಕೆ ಬಂದ್ರೆ ಹುಡುಗ ಬಿಡ್ಲಿಲ್ಲ. ಮಾವನ ಕೈಗೇ ಚೊಂಬು ಕೊಟ್ಟು, ತಾನು ಚಮಚದಲ್ಲಿ ತಟ್ಟುತ್ತಾ, "ಇನ್ನೊಂಚೂರು ಹಾಕಿ ಮಾವ, ಇನ್ನೂ ಧೈವತದಲ್ಲೇ ಇದೆ" ಅಂತ ಹನಿ ಹನಿಯಾಗಿ ಹಾಕಿಸಿದ್ನಂತೆ.

ಊಟಕ್ಕೆ ಕೂತಾಗ ಮಾವ ಲೋಟ ಮುಟ್ಟೋ ಮುಂಚೆ ಹುಡುಗನ ಕಡೆ ತಿರುಗಿ ಕೇಳಿದ್ರಂತೆ, "ಈ ಮಜ್ಜಿಗೆ ಕುಡೀಬಹುದೇನಪ್ಪಾ, ಇಲ್ಲಾ ಇದೂ ಸ್ವರಾನಾ?"

ಮೂರು ಸಲ ಸತ್ತ ರಾಜ

ಎರಡನೇ ಆಟ, ಮನೇಲಿ ವಯಸ್ಸಾದೋರನ್ನ ಕೂರಿಸ್ಕೊಂಡು ಅವರ ಕಾಲದ ಹಾಡಿನ ಬಗ್ಗೆ ಕೇಳಿ ಬರೆಯೋದು. ಗುಬ್ಬಿ ಅಂದ್ಮೇಲೆ ನಾಟಕ ನೋಡದ ಅಜ್ಜಿ ಎಲ್ಲಿ ಸಿಗ್ತಾರೆ? ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜೀನ ಕೇಳಿ ಒಂದು ಪುಟ ಬರ್ಕೊಂಡು ಬಂದಿದ್ಲು. ಮೊದಲ ಸಾಲಿಗೇ ನಾನು ಕೆಂಪು ಪೆನ್ನು ತೆಗೆದೆ.

"ಹಿಂದಿನ ಕಾಲದ ರಾಜರು ಸತ್ತ ಮೇಲೂ ಜನ ಕೇಳಿದರೆ ಎದ್ದು ಹಾಡಿ ಮತ್ತೆ ಸಾಯುತ್ತಿದ್ದರು."

ನನಗೆ ಅರ್ಥವಾಯ್ತು. ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿದ್ರೆ ಜನ ಒನ್ಸ್ ಮೋರ್ ಅಂತ ಕೂಗೋರು, ಸತ್ತು ಬಿದ್ದಿದ್ದ ರಾಜ ಮೈ ಕೊಡವಿಕೊಂಡು ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಬೀಳೋನು. ಅಜ್ಜಿ ಅದನ್ನ ಹೇಳಿದಾರೆ, ಇವಳು ರಾಜಮನೆತನದ ಪದ್ಧತಿ ಅಂದ್ಕೊಂಡಿದಾಳೆ. ಆ ಸಾಲು ಹೊಡೆದು ಹಾಕಿದೆ. ಮುಂದಿನ ಶನಿವಾರ ಅಜ್ಜೀನೇ ಕೋಲು ಊರಿಕೊಂಡು ಬಂದ್ರು.

"ಏನವ್ವಾ, ನನ್ ಮಾತಿಗೆ ಕೆಂಪು ಗೀಟು ಹಾಕಿದೀಯಂತೆ?"

"ಅಜ್ಜಿ, ಅದು ನಾಟಕದ ರಾಜ ಅಲ್ವಾ? ಅದನ್ನ ಬರೀಬೇಕಿತ್ತು..."

"ನಾಟಕನೋ ಪಾಟಕನೋ, ನಾನು ಕಣ್ಣಾರೆ ನೋಡಿದೀನಿ. ಮೂರ್ ಸಲ ಸತ್ತ ಕಣೇ! ಮೂರನೇ ಸಲ ಸಾಯೋವಾಗ ಇನ್ನೂ ಚೆನ್ನಾಗಿ ಸತ್ತ!"

ತಂತಿ ಮೇಲಿನ ಇತಿಹಾಸ

ಮೂರನೇ ಆಟ ಅಮೃತೂರಿನ ಹುಡುಗಿಗೋಸ್ಕರವೇ ಯೋಚಿಸಿದ್ದು. ಆರು ರಟ್ಟಿನ ಕಾರ್ಡು: ವೇದಘೋಷ, ವಚನ, ದಾಸರು, ಸಂಗೀತದ ತ್ರಿಮೂರ್ತಿಗಳು, ನಾಟಕ ಕಂಪನಿ, ರೇಡಿಯೋ. ಅವನ್ನ ಬಟ್ಟೆ ಒಣಗಿಸೋ ತಂತಿ ಮೇಲೆ ಕ್ರಮವಾಗಿ ಕ್ಲಿಪ್ ಹಾಕೋದು, ಓಡಾಡುವಾಗ ನೋಡ್ತಾ ಇರೋದು. ನೋಡಿದ್ದು ತಲೇಲಿ ಕೂರುತ್ತೆ ಅಂತ ನನ್ನ ಘನವಾದ ನಂಬಿಕೆ.

ಭಾನುವಾರ ಬಂದು ಕೂತು ಜೋರಾಗಿ ಹೇಳಿದ್ಲು, "ಮೊದಲು ರೇಡಿಯೋ, ಆಮೇಲೆ ದಾಸರು, ಕೊನೆಗೆ ವೇದ."

ನನಗೆ ರೇಗಿಹೋಯ್ತು. "ರೇಡಿಯೋ ಮೊದಲು ಬಂದಿದ್ರೆ ಅದರಲ್ಲಿ ಹಾಡ್ತಿದ್ದೋರು ಯಾರೇ?"

"ತಂತಿ ಮೇಲೆ ಹಂಗೇ ಇತ್ತು ಮಿಸ್."

ಅವರಮ್ಮನಿಗೆ ಫೋನ್ ಮಾಡಿದೆ. ಆಯಮ್ಮ ಬೆಡ್‌ಶೀಟ್ ಒಗೆದ ದಿನ ಎಲ್ಲಾ ಕಾರ್ಡು ತೆಗೆದು, ಆಮೇಲೆ ಜಾಗ ಸಿಕ್ಕಿದ ಕಡೆ ಸಿಗಿಸಿದ್ರಂತೆ. "ಮತ್ತಿನ್ನೇನ್ ಮಾಡ್ಲಿ ಮೇಡಂ? ನಿಮ್ ಇತಿಹಾಸ ಎರಡ್ ವಾರದಿಂದ ನೇತಾಡ್ತಾ ಐತೆ, ಇನ್ನೂ ಒಣಗಿಲ್ವಾ?" ಅಂದ್ರು.

ತ್ರಿಮೂರ್ತಿಗಳು ಇಳೀರಿ

ಪರೀಕ್ಷೆಗೆ ಒಂದೇ ತಿಂಗಳು ಉಳಿದಿತ್ತು. ಆ ಭಾನುವಾರ ಬೆಳಗ್ಗೆ ತುಮಕೂರಿಂದ ಹುಡುಗಿಯ ಅಪ್ಪನ ಬಸ್ಸೇ ಸಿಕ್ತು. ಕಿಟಕಿ ಪಕ್ಕ ಕೂತು, ಈ ಮಗೂನ ಹೇಗಪ್ಪಾ ದಡ ಸೇರಿಸೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಬಾಗಿಲಲ್ಲಿ ನಿಂತ ಅವರು ಒಂದೇ ಉಸಿರಲ್ಲಿ, "ಗೂಳೂರ್, ನಾಗವಲ್ಲಿ, ಹೆಬ್ಬೂರ್, ಕುಣಿಗಲ್, ಅಮೃತೂರ್!" ಅಂತ ಕೂಗ್ತಾ ಇದ್ರು. ಬೆರಳು ಮಡಿಸಿ ಎಣಿಸಿದೆ. ತುಮಕೂರೂ ಸೇರಿದ್ರೆ ಆರು. ನನ್ನ ಕಾರ್ಡೂ ಆರು!

"ರೀ, ನಿಮ್ಮ ಮಗಳಿಗೆ ಈ ರೂಟ್ ಬರುತ್ತಾ?"

"ಏನ್ ಮೇಡಂ ಹಿಂಗಂತೀರ, ನನಗಿಂತ ಚೆನ್ನಾಗಿ ಕೂಗ್ತಾಳೆ. ಮೂರ್ ವರ್ಷದ ಮಗು ಆಗಿದ್ದಾಗಿಂದ ಇದೇ ಬಸ್ಸಲ್ಲಿ ಬೆಳೆದವ್ಳೆ."

ಅಲ್ಲೇ ಒಂದು ಚೀಟಿ ಮೇಲೆ ಬರೆದುಕೊಟ್ಟೆ. ತುಮಕೂರು ವೇದಘೋಷ, ಗೂಳೂರು ವಚನ, ನಾಗವಲ್ಲಿ ದಾಸರು, ಹೆಬ್ಬೂರು ತ್ರಿಮೂರ್ತಿಗಳು, ಕುಣಿಗಲ್ ನಾಟಕ ಕಂಪನಿ, ಅಮೃತೂರು ರೇಡಿಯೋ. "ಇದನ್ನ ದಿನಾ ಮನೇಲಿ ಮಗಳ ಜೊತೆ ಕೂಗಿ" ಅಂದೆ. ಅವರು ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇನಾ ಇತಿಹಾಸ? ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ!" ಅಂತ ನನ್ನನ್ನೇ ಬೈದ್ರು.

ಮನೇಲಿ ಕೂಗಿ ಕೂಗಿ ಮನುಷ್ಯನಿಗೆ ಅದೇ ಬಾಯಿಗೆ ಅಂಟಿಕೊಳ್ತು. ಮುಂದಿನ ವಾರ ಹೆಬ್ಬೂರು ಬಂದಾಗ ಸೀಟಿ ಊದಿ, "ತ್ರಿಮೂರ್ತಿಗಳು ಯಾರ್ರೀ, ಬೇಗ ಬೇಗ ಇಳೀರಿ!" ಅಂದುಬಿಟ್ರು. ತೆಂಗಿನಕಾಯಿ ಚೀಲ ಹೊತ್ತು ಬಾಗಿಲಿಗೆ ಬಂದಿದ್ದ ಮುದುಕಪ್ಪ ಹಿಂದೆ ತಿರುಗಿ ನೋಡಿ, "ನಾನ್ ಒಬ್ನೇ ಇಳಿಯೋದು ಕಣಪ್ಪಾ, ಇನ್ನಿಬ್ರು ಯಾರೋ ಗೊತ್ತಿಲ್ಲ" ಅಂದ.

ರಿಟರ್ನ್ ಟ್ರಿಪ್

ಪರೀಕ್ಷೆ ತುಮಕೂರಲ್ಲಿ. ಹುಡುಗಿಯ ಅಪ್ಪ ಡ್ಯೂಟಿ ಬೇರೆಯೋರಿಗೆ ವಹಿಸಿ, ಖಾಕಿ ಬಟ್ಟೇಲೇ ಬಂದು ಕಿಟಕಿ ಆಚೆ ನಿಂತಿದ್ರು. ಪರೀಕ್ಷಕರು ಹಿರಿಯ ವಿದ್ವಾಂಸರು, ನಗೋದು ಅಪರೂಪ.

ಹಾಡು ಬಂಗಾರದ ಹಾಗೆ ಬಂತು. ಆಮೇಲೆ ಅವರು ಕನ್ನಡಕ ಏರಿಸಿ, "ಸಂಗೀತ ಬೆಳೆದು ಬಂದ ಕ್ರಮ ಹೇಳಮ್ಮಾ" ಅಂದ್ರು.

ನಾನು ಬಾಗಿಲ ಸಂದೀಲಿ ದೇವರನ್ನೆಲ್ಲ ನೆನೆಸ್ಕೊಂಡೆ. ಹುಡುಗಿ ಕಣ್ಣು ಮುಚ್ಚಿ, ಬಸ್ಸಿನ ಮೇಲಿನ ಕಂಬಿ ಹಿಡ್ಕೊಂಡೋಳ ಥರ ಎಡಗೈ ಎತ್ತಿ, ಶುರು ಮಾಡಿದ್ಲು.

"ತುಮಕೂರು ವೇದಘೋಷ! ಗೂಳೂರು ವಚನ! ಹೆಬ್ಬೂರು..."

ಕಿಟಕಿ ಆಚೆಯಿಂದ ಉದ್ದಕ್ಕೆ ಸೀಟಿ. "ಹೋಲ್ಡಾನ್! ಹೋಲ್ಡಾನ್! ನಾಗವಲ್ಲೀಲಿ ದಾಸರು ಇಳೀಬೇಕು!"

ಮುಗೀತು ಕಥೆ ಅಂದ್ಕೊಂಡೆ.

"ಯಾರದು?" ಪರೀಕ್ಷಕರು ಗುಡುಗಿದ್ರು.

"ನಮ್ಮಪ್ಪ ಸಾರ್. ಕಂಡಕ್ಟರು."

"ನಾಗವಲ್ಲಿ ಯಾಕ್ ಬಿಟ್ಟೆ?"

"ಅಲ್ಲಿ ಇಳಿಯೋರಿದ್ರೆ ಮಾತ್ರ ನಮ್ ಬಸ್ಸು ನಿಲ್ಲಿಸೋದು ಸಾರ್."

ಪರೀಕ್ಷಕರ ಮೀಸೆ ಅಲುಗಾಡ್ತು. ಆದ್ರೂ ಗಟ್ಟಿ ಮನುಷ್ಯ. "ಅಪ್ಪ ಹೇಳಿಕೊಟ್ಟಿದ್ದಕ್ಕೆ ನಂಬರ್ ಇಲ್ಲ. ಅವರನ್ನ ಗೇಟ್ ಆಚೆ ಕಳಿಸಿ" ಅಂದ್ರು. ಅವರು ಹೋದಮೇಲೆ ಹುಡುಗಿ ಕಡೆ ತಿರುಗಿ, "ಈಗ ರಿಟರ್ನ್ ಟ್ರಿಪ್ ಹೊಡಿ ನೋಡೋಣ. ಕೊನೇ ಸ್ಟಾಪಿಂದ ತುಮಕೂರಿಗೆ. ಒಬ್ಬರನ್ನೂ ಬಿಡಬಾರದು."

ತಲೆಕೆಳಗಾಗಿ ಹೇಳೋದನ್ನ ನಾನು ಹೇಳಿಕೊಟ್ಟೇ ಇರಲಿಲ್ಲ! ಅವಳಿಗೆ ಹೇಳಿಕೊಡೋದೇ ಬೇಕಿರಲಿಲ್ಲ, ಮಗು ಆಗಿದ್ದಾಗಿಂದ ಅಪ್ಪನ ಬಸ್ಸಲ್ಲಿ ಹೋಗಿ ಬಂದ ದಾರಿ. "ಅಮೃತೂರು ರೇಡಿಯೋ, ಕುಣಿಗಲ್ ನಾಟಕ ಕಂಪನಿ, ಹೆಬ್ಬೂರು ತ್ರಿಮೂರ್ತಿಗಳು" ಅಂದು ನಿಂತಳು. ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಅಂತ ತಟ್ಟಿದಳು. "ನಾಗವಲ್ಲಿ ದಾಸರು, ನಿಧಾನಕ್ಕೆ ಇಳ್ಕೊಳ್ಳಿ. ಗೂಳೂರು ವಚನ. ತುಮಕೂರು ವೇದಘೋಷ, ಲಾಸ್ಟ್ ಸ್ಟಾಪು ಸಾರ್."

"ದಾಸರು ಇಳಿದು ಏನ್ ಮಾಡಿದ್ರು?"

"ತಂಬೂರಿ ಹಿಡ್ಕೊಂಡು ಬೀದಿ ಬೀದೀಲಿ ಹಾಡಿದ್ರು ಸಾರ್, ಎಲ್ಲರಿಗೂ ಅರ್ಥ ಆಗೋ ಕನ್ನಡದಲ್ಲಿ."

ಪರೀಕ್ಷಕರು ನಂಬರ್ ಬರೆದು ಹಾಳೆ ಮಡಿಸಿ, "ರೈಟ್, ರೈಟ್!" ಅಂದ್ರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳ್ಲಿ.

ಪಾಸಾದಳು, ಅದೂ ಫಸ್ಟ್ ಕ್ಲಾಸಲ್ಲಿ. ಆ ಭಾನುವಾರ ಅವಳಪ್ಪ ಒಂದು ಗೊನೆ ಎಳನೀರು ತಂದು ಬಾಗಿಲಲ್ಲಿಟ್ರು.

"ಮತ್ತೆ ಮ್ಯಾತ್ಸ್ ಟ್ಯೂಷನ್ನು?" ಅಂತ ಕೆಣಕಿದೆ.

"ಅದು ವಾರದಲ್ಲಿ ಸಂಜೆ ಹೊತ್ತು ಹೋಗ್ತಾಳೆ ಬುಡಿ ಮೇಡಂ. ಭಾನುವಾರ ಸಂಗೀತಕ್ಕೇ." ಆಮೇಲೆ ಕಿವಿ ಮೇಲಿನ ಪೆನ್ನು ತೆಗೆದು, ಹತ್ತಿರ ಬಂದು ಮೆಲ್ಲಗೆ ಕೇಳಿದ್ರು, "ಮೇಡಂ, ಸೀನಿಯರ್ ಪರೀಕ್ಷೆಗೆ ಎಷ್ಟು ಸ್ಟಾಪು?"

"ಜಾಸ್ತಿ ಇದೆ. ಇಪ್ಪತ್ತೆರಡು."

ಅವರು ಗಲ್ಲ ಕೆರ್ಕೊಂಡು ಲೆಕ್ಕ ಹಾಕಿ ಹೇಳಿದ್ರು, "ಹಂಗಾದ್ರೆ ಈ ರೂಟ್ ಸಾಲಲ್ಲ. ನನ್ನ ಧರ್ಮಸ್ಥಳದ ಗಾಡಿಗೆ ಹಾಕಿ ಅಂತ ಓನರ್‌ನ ಇವತ್ತೇ ಕೇಳ್ತೀನಿ."